ಸತುವಿನ ಆನೋಡ್: ಗಂಟೆಗಳ ಲೆಕ್ಕ ಬೇಡ, ಬಳಸಿದ ಸತುವಿನ ಲೆಕ್ಕ ಕೊಡಿ

ಪ್ರಶ್ನೆ: ನಾನು ಕಾರವಾರದ ಎಂ.ಎಸ್‌ಸಿ. ವಿದ್ಯಾರ್ಥಿನಿ. ಬ್ಯಾಟರಿಯ ಆನೋಡಾಗಿ, ಅಂದರೆ ಋಣಧ್ರುವವಾಗಿ, ಬಳಸುವ ಸತುವಿನ ಹಾಳೆಗೆ ಹೊಸ ಲೇಪನ ಕೊಟ್ಟು, ಸತು ಸಲ್ಫೇಟ್ ದ್ರಾವಣದಲ್ಲಿ ಎರಡೂ ಬದಿಗೆ ಅದೇ ಹಾಳೆಯಿಟ್ಟು ಪರೀಕ್ಷಿಸಿದೆ. 2,000 ಗಂಟೆಯಾದರೂ ಕೋಶ ಕೆಟ್ಟಿಲ್ಲ. ವೋಲ್ಟೇಜ್ ಕೊನೆಗೆ ಇನ್ನೂ ಇಳಿದಿದೆ. ಆನೋಡಿನ ಸಮಸ್ಯೆ ಬಗೆಹರಿಯಿತು ಎನ್ನಬಹುದೇ ಸರ್?

ಉತ್ತರ: ಎನ್ನಲಾಗದು. ಲೇಪನದ ಬಗ್ಗೆ ಎರಡು ಪುಟ ಬರೆದಿರುವ ನೀವು ಹಾಳೆ 100 ಮೈಕ್ರಾನ್ ದಪ್ಪವಿದೆ ಎಂಬುದನ್ನು ಪತ್ರದ ಕೊನೆಯಲ್ಲಿ ಹೇಳಿದ್ದೀರಿ. ಮೊದಲು ಹೇಳಬೇಕಾದದ್ದೇ ಅದು. ಒಂದು ಗ್ರಾಂ ಸತುವಿನ ಸೈದ್ಧಾಂತಿಕ ಸಾಮರ್ಥ್ಯ 820 ಮಿಲಿಆಂಪಿಯರ್-ಗಂಟೆಯಾದ್ದರಿಂದ, ನಿಮ್ಮ ಹಾಳೆಯ ಪ್ರತಿ ಚದರ ಸೆಂಟಿಮೀಟರಿನಲ್ಲಿ ಸುಮಾರು 58ರಷ್ಟಿದೆ. ನೀವು ಪ್ರತಿ ಸುತ್ತಿನಲ್ಲಿ ಕರಗಿಸಿ ಮರಳಿ ಕೂರಿಸಿದ್ದು 1 ಮಾತ್ರ, ಅಂದರೆ ಶೇಕಡಾ ಎರಡಕ್ಕೂ ಕಡಿಮೆ. ಉಳಿದ ಸತು ಕಣಜದ ಭತ್ತದಂತೆ ಪ್ರತಿ ಸುತ್ತಿನ ನಷ್ಟವನ್ನೂ ತುಂಬಿಕೊಡುತ್ತಿದ್ದರೆ ಲೇಪನದ ಗುಣ ತಿಳಿಯುವುದಾದರೂ ಹೇಗೆ? ಪ್ರತಿ ಸುತ್ತಿನಲ್ಲಿ ಶೇಕಡಾ 99 ಸತು ಮರಳುವುದು ಕೇಳಲು ಚೆನ್ನಾಗಿದೆ. ಹೆಚ್ಚುವರಿ ಸತುವಿಲ್ಲದ ಕೋಶದಲ್ಲಿ ಅದೇ ದಕ್ಷತೆಗೆ ನೂರು ಸುತ್ತಿನ ಬಳಿಕ ಉಳಿಯುವುದು ಶೇಕಡಾ 37ರಷ್ಟು.

ವೋಲ್ಟೇಜ್ ಇಳಿದದ್ದನ್ನು ನೀವು ಹೆಗ್ಗಳಿಕೆಯೆಂದು ಬರೆದಿದ್ದೀರಿ. ನನ್ನ ಅನುಮಾನ ಬಲವಾದದ್ದೇ ಅಲ್ಲಿ. ನೀವು ಕಳಿಸಿದ ನಕ್ಷೆಯಲ್ಲಿ ಪ್ರತಿ ಸುತ್ತಿನ ಆರಂಭದಲ್ಲಿದ್ದ ಚೂಪು ತುದಿ ಒಂದು ಹಂತದ ನಂತರ ಮಾಯವಾಗಿ, ಗೆರೆ ಪೆಟ್ಟಿಗೆಯಂತೆ ಚೌಕಾಕಾರ ತಾಳಿದೆ. ಡೆಂಡ್ರೈಟಿನ (ಕೊಂಬೆಯಂತೆ ಬೆಳೆಯುವ ಸತುವಿನ ಮೊಳಕೆ) ಎಳೆಯೊಂದು ಎರಡು ಬದಿಗಳ ನಡುವಿನ ತೆಳು ಪರದೆಯಾದ ಸಪರೇಟರನ್ನು ದಾಟಿ ಎದುರು ಬದಿಯನ್ನು ಮುಟ್ಟಿದಾಗ ವಿದ್ಯುತ್ತಿನ ಒಂದು ಪಾಲು ಆ ಎಳೆಯಲ್ಲೇ ಹರಿದುಹೋಗುತ್ತದೆ. ಸತು ಕರಗುವುದೂ ಕೂರುವುದೂ ಕಡಿಮೆಯಾದರೂ ಯಂತ್ರ ಗಂಟೆ ಎಣಿಸುತ್ತಲೇ ಇರುತ್ತದೆ. ಇಂಪೀಡೆನ್ಸ್, ಅಂದರೆ ಪರ್ಯಾಯ ವಿದ್ಯುತ್ತಿಗೆ ಕೋಶ ಒಡ್ಡುವ ತಡೆಯನ್ನು, ಅಳೆದು ನೋಡಿ. ಅದೂ ಅದೇ ಹಂತದಲ್ಲಿ ಹಠಾತ್ತನೆ ಕುಸಿದಿದ್ದರೆ ಉಳಿದ ಗಂಟೆಗಳನ್ನು ಪ್ರಬಂಧದಿಂದ ಹೊಡೆದುಹಾಕಿ.

ಇನ್ನು ಎಲ್ಲರೂ ಡೆಂಡ್ರೈಟಿನ ಹಿಂದೆಯೇ ಬೀಳುತ್ತಾರೆ, ನೀರನ್ನು ಮರೆಯುತ್ತಾರೆ. ನೀರು ಜಲಜನಕವಾಗಿ ಹೊರಟಾಗ ಸತುವಿನ ಮೇಲ್ಮೈಯಲ್ಲಿ ಹೈಡ್ರಾಕ್ಸೈಡ್ ಹೆಚ್ಚಿ, ಸತು ಹೈಡ್ರಾಕ್ಸೈಡ್ ಸಲ್ಫೇಟಿನ ಬಿಳಿ ಚಕ್ಕೆಗಳು ಕಟ್ಟುತ್ತವೆ. ಅವುಗಳಿಂದ ಮೇಲ್ಮೈ ಇನ್ನಷ್ಟು ಏರುಪೇರಾಗಿ ಡೆಂಡ್ರೈಟಿಗೂ ದಾರಿಯಾಗುತ್ತದೆ. ಕೋಶ ಸುಮ್ಮನೆ ಕುಳಿತಿರುವಾಗಲೂ ಈ ಕ್ರಿಯೆ ನಿಲ್ಲುವುದಿಲ್ಲ. ಆದ್ದರಿಂದ 10 ಮೈಕ್ರಾನಿನ ಹಾಳೆ ತೆಗೆದುಕೊಂಡು ಅದರ ಅರ್ಧದಷ್ಟು ಸತುವನ್ನಾದರೂ ಬಳಸಿ. ಸತು ಕೂರಿಸಿದ ಬಳಿಕ ಒಂದು ದಿನ, ಆಮೇಲೆ ಒಂದು ವಾರ ಬಿಟ್ಟು, ಎಷ್ಟು ಮರಳಿತೆಂದು ಅಳೆಯಿರಿ. ಇಷ್ಟನ್ನೂ ನಾಣ್ಯದಾಕಾರದ ಗಟ್ಟಿ ಲೋಹದ ಕೋಶದಲ್ಲಿ ಮಾತ್ರ ಮಾಡಬೇಡಿ, ಅನಿಲ ತುಂಬಿ ಉಬ್ಬಿದರೆ ಕಣ್ಣಿಗೆ ಕಾಣುವ, ಮೆತ್ತನೆಯ ಚೀಲದಂಥ ಪೌಚ್ ಕೋಶದಲ್ಲೂ ಮಾಡಿ.

ಪ್ರಶ್ನೆ: ಬೈತಖೋಲದಲ್ಲಿ ದೋಣಿಯ ತಳಕ್ಕೆ ಹಾಕುವ ಸತುವಿನ ಗಟ್ಟಿಯನ್ನೇ ಬ್ಯಾಟರಿಗೆ ಬಳಸಬಹುದೇ?

ಉತ್ತರ: ಅದನ್ನು ತಯಾರಿಸುವುದೇ ಉಕ್ಕಿನ ಬದಲು ತಾನು ಕೊರೆದುಹೋಗಲೆಂದು, ನಮಗೆ ಬೇಕಾದದ್ದು ಕೊರೆಯದ ಸತು.

ಪ್ರಶ್ನೆ: ಸಾಣಿಕಟ್ಟೆಯ ಉಪ್ಪುನೀರು ಬ್ಯಾಟರಿಯೊಳಗಿನ ವಿದ್ಯುತ್ ಸಾಗಿಸುವ ದ್ರಾವಣ (ಎಲೆಕ್ಟ್ರೋಲೈಟ್) ಆದೀತೇ?

ಉತ್ತರ: ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಆದೀತು.

ಪ್ರಶ್ನೆ: ಶಿರಸಿಯಲ್ಲಿ ಒಬ್ಬರು ‘ಸತುವಿನ ತಂತ್ರಜ್ಞಾನ’ದ ಪುಡಿ ಮಾರುತ್ತಿದ್ದಾರೆ. ಹಳೆಯ ಇನ್ವರ್ಟರ್ ಬ್ಯಾಟರಿಗೆ ಹಾಕಿದರೆ ಹೊಸದರಂತಾಗುತ್ತದಂತೆ. ಹಾಕಲೇ?

ಉತ್ತರ: ಖಂಡಿತ ಬೇಡ. ನಿಮ್ಮ ಬ್ಯಾಟರಿಯಲ್ಲಿರುವುದು ಸೀಸ ಮತ್ತು ಗಂಧಕಾಮ್ಲ. ಪುಡಿ ನಿಜವಾಗಿ ಸತುವೇ ಆಗಿದ್ದರೆ ಆಮ್ಲದಲ್ಲಿ ಕರಗಿ ಜಲಜನಕವನ್ನು ಬಿಡುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ಅನಿಲಕ್ಕೆ ಸ್ವಿಚ್ಚಿನ ಒಂದು ಕಿಡಿ ಸಾಕು. ಸತುವಲ್ಲದಿದ್ದರೂ ಹಣ ಹೋಗುವುದಂತೂ ಖಚಿತ. ಇಂಥವರನ್ನು ಅಂಗಳಕ್ಕೂ ಸೇರಿಸಬೇಡಿ.

ಪ್ರಶ್ನೆ: ಸತುವಿಗೆ ಪಾದರಸ ಸವರಿದರೆ ಜಲಜನಕ ನಿಲ್ಲುತ್ತದೆಂದು ಹಳೆಯ ಪುಸ್ತಕದಲ್ಲಿದೆ. ಮನೆಯಲ್ಲಿ ಪ್ರಯತ್ನಿಸಬಹುದೇ?

ಉತ್ತರ: ತಗ್ಗುವುದು ನಿಜ, ಶುಷ್ಕಕೋಶದ ತಯಾರಕರು ಹಿಂದೆ ಅದನ್ನೇ ಮಾಡುತ್ತಿದ್ದರು. ಪಾದರಸ ವಿಷವೆಂಬ ಕಾರಣಕ್ಕೆ ಅದನ್ನು ಕೈಬಿಟ್ಟು ಇಂಡಿಯಂ, ಬಿಸ್ಮತ್‌ಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವ ಕ್ರಮ ಬಂತು. ಶೀಶೆಯಲ್ಲಿ ಪಾದರಸವಿದ್ದರೆ ಬಿಗಿಯಾಗಿ ಮುಚ್ಚಿ, ಹತ್ತಿರದ ಕಾಲೇಜಿನ ಪ್ರಯೋಗಾಲಯದವರನ್ನು ವಿಚಾರಿಸಿ ಒಪ್ಪಿಸಿ, ಬಚ್ಚಲಿಗೆ ಸುರಿಯಬೇಡಿ.