ಆಫೀಸ್ ಟೇಬಲ್‌ಗೆ ಒಳ್ಳೆಯ ಸ್ಪೀಕರ್: ದುಡ್ಡಿಗಿಂತ ಮೊದಲು ಜಾಗ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಆಫೀಸಿನ ಕಂಪ್ಯೂಟರ್ ಟೇಬಲ್‌ಗೆಂದು ಸ್ಪೀಕರ್ ತಂದಿದ್ದಾರೆ, ದುಡ್ಡೂ ಚೆನ್ನಾಗಿಯೇ ಹಾಕಿದ್ದಾರೆ, ಆದರೆ ಕೇಳೋಕೆ ಹಿತವಾಗಿಲ್ಲ. ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉದ್ದದ ಉತ್ತರ ಕೊಟ್ಟಿದ್ದೇನೆ, ಉಳಿದ ಎಷ್ಟೋ ಜನರ ತೊಂದರೆಗೂ ಕಾರಣ ಅಲ್ಲೇ ಇದೆ.

ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ ಸರ್. ಕ್ಯಾಬಿನ್ ಹತ್ತು ಅಡಿಗೆ ಹನ್ನೆರಡು ಅಡಿ. ಐದಡಿ ಉದ್ದ, ಎರಡೂವರೆ ಅಡಿ ಅಗಲದ ಪ್ಲೈವುಡ್ ಟೇಬಲ್ ಗೋಡೆಗೆ ತಾಗಿದೆ, ಮೇಲೆ 24 ಇಂಚಿನ ಎರಡು ಮಾನಿಟರ್. 5 ಇಂಚಿನ ವೂಫರ್ (ಬಾಸ್ ನುಡಿಸುವ ದೊಡ್ಡ ಕೋನ್) ಇರುವ ಒಂದು ಜೊತೆ ಸ್ಟುಡಿಯೋ ಸ್ಪೀಕರ್ ತಂದು ಮಾನಿಟರ್‌ಗಳ ಪಕ್ಕ ಇಟ್ಟಿದ್ದೇನೆ. ಅಂಗಡಿಯಲ್ಲಿ ತುಂಬಾ ಚೆನ್ನಾಗಿತ್ತು. ಇಲ್ಲಿ ಮಾತು ಮಸುಕು, ಬಾಸ್ ಬರೀ ಗುಂಯ್ ಅನ್ನುತ್ತೆ. ಸಬ್‌ವೂಫರ್ ಸೇರಿಸಲಾ, ಇಲ್ಲಾ ಇದನ್ನು ಮಾರಿ ದೊಡ್ಡದು ತರಲಾ?

ಎರಡೂ ಬೇಡ. ಸಬ್‌ವೂಫರ್ ಅಂದರೆ ಬಾಸ್‌ಗೆಂದೇ ಇರುವ ಪೆಟ್ಟಿಗೆ, ಅದನ್ನು ತಂದರೆ ಆ ಗುಂಯ್ ಇನ್ನೂ ಜಾಸ್ತಿಯಾಗುತ್ತದೆ. ನಿಮ್ಮ ಸ್ಪೀಕರ್ ಸರಿಯಾಗಿಯೇ ಇದೆ, ಅದಕ್ಕೆ ಸಿಕ್ಕಿರುವ ಜಾಗ ಸರಿಯಿಲ್ಲ. ಅಂಗಡಿಯಲ್ಲಿ ಬಹುಶಃ ಸ್ಟ್ಯಾಂಡ್ ಮೇಲೋ ಶೆಲ್ಫಿನಲ್ಲೋ ಕಿವಿಯ ಮಟ್ಟಕ್ಕೆ ಇತ್ತು, ನೀವು ನಿಂತು ಕೇಳಿದಿರಿ. ಇಲ್ಲಿ ಅದರ ಮುಂದೆ ಅಗಲವಾದ ಹಲಗೆ, ಹಿಂದೆ ಗೋಡೆ, ಪಕ್ಕದಲ್ಲಿ ಮಾನಿಟರ್. ಮೂರೂ ಶಬ್ದವನ್ನು ತಿರುಗಿಸಿ ನಿಮ್ಮ ಕಿವಿಗೆ ಎಸೆಯುತ್ತವೆ.

ಮೊದಲು ಎತ್ತರ. ಕುರ್ಚಿಯಲ್ಲಿ ಕೂತಾಗ ನಮ್ಮ ಕಿವಿ ನೆಲದಿಂದ ಸುಮಾರು 115ರಿಂದ 120 ಸೆಂ.ಮೀ. ಮೇಲಿರುತ್ತದೆ, ಟೇಬಲ್ 75ರ ಹತ್ತಿರ. ಅಂದರೆ ಟ್ವೀಟರ್ (ಮೇಲಿನ ಸ್ವರ ನುಡಿಸುವ ಚಿಕ್ಕ ಭಾಗ) ಟೇಬಲ್‌ನಿಂದ 40-45 ಸೆಂ.ಮೀ. ಮೇಲೆ ಇರಬೇಕು. 5 ಇಂಚಿನ ಸ್ಪೀಕರಿನ ಪೆಟ್ಟಿಗೆ ಸುಮಾರು 30 ಸೆಂ.ಮೀ. ಎತ್ತರ, ಅದರಲ್ಲಿ ಟ್ವೀಟರ್ ಇರೋದು 22ರ ಆಸುಪಾಸಿನಲ್ಲಿ. ಟೇಬಲ್ ಮೇಲೆ ಹಾಗೇ ಇಟ್ಟರೆ ಅದು ನಿಮ್ಮ ಎದೆಗೆ ಹಾಡುತ್ತಿರುತ್ತದೆ, ಕಿವಿಗಲ್ಲ. 20 ಸೆಂ.ಮೀ. ಎತ್ತಿ. ಬಡಗಿ ಹತ್ತಿರ ಗಟ್ಟಿ ಮರದ ಎರಡು ಸ್ಟ್ಯಾಂಡ್ ಮಾಡಿಸಿ, ಅದರ ಮೇಲೆ ದಪ್ಪನೆಯ ರಬ್ಬರ್ ಶೀಟ್ ಹಾಕಿ. ಡ್ರಾಯರ್ ಇರುವ ಪ್ಲೈವುಡ್ ಟೇಬಲ್ ತಮಟೆಯ ಹಾಗೆ ತಾನೂ ನುಡಿಯುತ್ತದೆ, ರಬ್ಬರ್ ಹಾಕಿದರೆ ಸ್ಪೀಕರಿನ ಅದುರು ಹಲಗೆಗೆ ಇಳಿಯೋದು ಕಡಿಮೆಯಾಗುತ್ತದೆ. ಅಷ್ಟು ಎತ್ತರಕ್ಕೆ ಜಾಗ ಇಲ್ಲದಿದ್ದರೆ ಸ್ಪೀಕರಿನ ಮುಂಭಾಗವನ್ನು ಸ್ವಲ್ಪ ಎತ್ತಿ, ಟ್ವೀಟರ್ ಕಿವಿ ಕಡೆ ನೋಡುವ ಹಾಗೆ ಓರೆ ಮಾಡಿ.

ಇನ್ನು ಹಲಗೆ. ಸ್ಪೀಕರಿನಿಂದ ಹೊರಟ ಶಬ್ದ ನೇರವಾಗಿಯೂ ಬರುತ್ತದೆ, ಟೇಬಲ್‌ಗೆ ಬಡಿದು ಪುಟಿದೂ ಬರುತ್ತದೆ. ಎರಡನೆಯದು ಒಂದು ಚೂರು ತಡ. ನಿಮ್ಮಂಥ ಅಳತೆಯ ಟೇಬಲ್‌ನಲ್ಲಿ ಆ ಹಾದಿಯ ವ್ಯತ್ಯಾಸ ಸುಮಾರು 20ರಿಂದ 35 ಸೆಂ.ಮೀ. ಆಗುತ್ತದೆ, ಅದರಿಂದ ಕೆಲವು ನೂರು ಹರ್ಟ್ಸ್‌ನಿಂದ (ಹರ್ಟ್ಸ್ ಅಂದರೆ ಶಬ್ದ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಅನ್ನೋ ಲೆಕ್ಕ) ಸಾವಿರ ಹರ್ಟ್ಸ್‌ವರೆಗಿನ ಭಾಗದಲ್ಲಿ ಎರಡೂ ಒಂದನ್ನೊಂದು ಕಳೆದುಕೊಂಡು ಶಬ್ದದಲ್ಲಿ ಹಳ್ಳ ಬೀಳುತ್ತದೆ. ಮಾತಿನ ಬಲವೆಲ್ಲ ಇರೋದೇ ಅಲ್ಲಿ. ನಿಮಗೆ ಮಾತು ಮಸುಕಾಗಿ ಕೇಳೋದಕ್ಕೆ ಇದು ದೊಡ್ಡ ಕಾರಣ. ಎಲ್ಲಿಂದ ಪುಟಿಯುತ್ತಿದೆ ಅಂತ ನೋಡೋಕೆ ಒಂದು ಕನ್ನಡಿ ಸಾಕು. ನಿಮ್ಮ ಜಾಗದಲ್ಲಿ ಕೂತು, ಬೇರೆಯವರಿಗೆ ಕನ್ನಡಿಯನ್ನು ಟೇಬಲ್ ಮೇಲೆ ಮಲಗಿಸಿ ಸರಿಸೋಕೆ ಹೇಳಿ. ಸ್ಪೀಕರ್ ಕನ್ನಡಿಯಲ್ಲಿ ಎಲ್ಲಿ ಕಾಣುತ್ತದೋ ಶಬ್ದ ಅಲ್ಲಿಂದಲೇ ಪುಟಿಯುತ್ತದೆ. ಆ ಜಾಗಕ್ಕೆ ತೆಳುವಾದ ಮ್ಯಾಟ್ ಹಾಸಿದರೆ ಮೇಲಿನ ಸ್ವರಗಳಿಗೆ ಒಂಚೂರು ಉಪಯೋಗ ಆಗಬಹುದು, ಮಾತಿನ ಭಾಗಕ್ಕೆ ಆಗಲ್ಲ. ಸ್ಪೀಕರನ್ನು ಎತ್ತಿ ಓರೆ ಮಾಡೋದು, ಇಲ್ಲಾ ಟೇಬಲ್‌ನ ಹಿಂದೆ ಬೇರೆ ಸ್ಟ್ಯಾಂಡ್ ಮೇಲೆ ನಿಲ್ಲಿಸೋದು, ಇವೇ ನಿಜವಾದ ದಾರಿ.

ಈಗ ಗೋಡೆ. ಇಲ್ಲಿ ತುಂಬಾ ಜನ ಕೇಳಿದ ಮಾತು ನಂಬಿ ಸ್ಪೀಕರನ್ನು ಗೋಡೆಯಿಂದ ಎಳೆದು ಟೇಬಲ್ ನಡುವಿಗೆ ತರುತ್ತಾರೆ. ಚಿಕ್ಕ ಕೋಣೆಯಲ್ಲಿ ಅದು ಸರಿಹೋಗಲ್ಲ. ಬಾಸ್ ಸ್ವರ ಪೆಟ್ಟಿಗೆಯ ಸುತ್ತ ಎಲ್ಲಾ ಕಡೆ ಹರಡುತ್ತದೆ, ಹಿಂದೆ ಹೋದದ್ದು ಗೋಡೆಗೆ ಬಡಿದು ವಾಪಸ್ ಬಂದು ಮುಂದಿನದನ್ನು ಒಂದು ಕಡೆ ಅಳಿಸಿಹಾಕುತ್ತದೆ. ಎಲ್ಲಿ ಅಂತ ಲೆಕ್ಕ ಹಾಕೋದು ಸುಲಭ: ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅದನ್ನು ಸ್ಪೀಕರಿನ ಮುಖಕ್ಕೂ ಗೋಡೆಗೂ ಇರುವ ದೂರದ ನಾಲ್ಕು ಪಟ್ಟಿನಿಂದ ಭಾಗಿಸಿ. 60 ಸೆಂ.ಮೀ. ದೂರ ಇದ್ದರೆ 143 ಹರ್ಟ್ಸ್‌ನಲ್ಲಿ ಹಳ್ಳ, ಅಂದರೆ ಗಂಡಸರ ದನಿಯ ಬುಡದಲ್ಲೇ. 30 ಸೆಂ.ಮೀ.ಗೆ ತಂದರೆ ಹಳ್ಳ 286ಕ್ಕೆ ಸರಿಯುತ್ತದೆ, ಅಲ್ಲಿ ಸ್ಪೀಕರ್ ಹಿಂದಕ್ಕೆ ಶಬ್ದ ಕಳಿಸೋದೇ ಕಡಿಮೆ, ಹಾಗಾಗಿ ಪರಿಣಾಮವೂ ಕಡಿಮೆ. ಪೆಟ್ಟಿಗೆಯ ಹಿಂಭಾಗಕ್ಕೂ ಗೋಡೆಗೂ ನಾಲ್ಕು ಬೆರಳಿನಷ್ಟು ಜಾಗ ಬಿಡಿ, ಸಾಕು. ಹಿಂದೆ ಗಾಳಿಯ ತೂತು ಇದ್ದರೆ ಅದಕ್ಕೂ ಅಷ್ಟು ಬೇಕು.

ಗೋಡೆಗೆ ಹತ್ತಿರ ಹೋದಾಗ ಬಾಸ್ ಏರುತ್ತದೆ, ನಿಜ. ಅದನ್ನು ಇಳಿಸೋಕೆ ಎಷ್ಟೋ ಸ್ಟುಡಿಯೋ ಸ್ಪೀಕರ್‌ಗಳ ಹಿಂದೆ ಸ್ವಿಚ್ ಇರುತ್ತದೆ, ಯಾರೂ ಅದನ್ನು ಮುಟ್ಟೋದೇ ಇಲ್ಲ. ಯಮಾಹಾ ಎಚ್‌ಎಸ್5 ಹಿಂದೆ ರೂಮ್ ಕಂಟ್ರೋಲ್ ಅಂತ ಇದೆ, 500 ಹರ್ಟ್ಸ್‌ಗಿಂತ ಕೆಳಗಿನದನ್ನು 2 ಅಥವಾ 4 ಡೆಸಿಬೆಲ್ (ಶಬ್ದದ ಜೋರಿನ ಅಳತೆ) ತಗ್ಗಿಸುತ್ತದೆ. ಜೆನೆಲೆಕ್ 8030 ಅನ್ನೋ ಸ್ಪೀಕರಲ್ಲಿ ಟೇಬಲ್‌ಗೆ ಅಂತಲೇ ಬೇರೆ ಸ್ವಿಚ್ ಇದೆ, 160 ಹರ್ಟ್ಸ್ ಹತ್ತಿರ 4 ಡೆಸಿಬೆಲ್ ಇಳಿಸುತ್ತದೆ. ಮಾಡುವವರೇ ಟೇಬಲ್‌ಗೆ ಬೇರೆ ಸ್ವಿಚ್ ಕೊಟ್ಟಿದ್ದಾರೆ ಅಂದಮೇಲೆ ಟೇಬಲ್ ಎಷ್ಟು ಕೆಲಸ ಕೆಡಿಸುತ್ತೆ ಅಂತ ಗೊತ್ತಾಗುತ್ತೆ ಅಲ್ವಾ? ನಿಮ್ಮದರಲ್ಲೂ ಇಂಥದ್ದು ಇರಬಹುದು, ಹಿಂಭಾಗ ನೋಡಿ. ಮೂಲೆಯಲ್ಲಿ ಮಾತ್ರ ಸ್ಪೀಕರ್ ಇಡಬೇಡಿ, ಎಡಕ್ಕೆ ಗೋಡೆ ಬಲಕ್ಕೆ ಖಾಲಿ ಅನ್ನುವಂಥ ಜಾಗವೂ ಬೇಡ, ಒಂದು ಕಡೆ ಬಾಸ್ ಉಬ್ಬಿ ಇನ್ನೊಂದು ಕಡೆ ತೆಳ್ಳಗಾಗುತ್ತದೆ.

ಕೊನೆಗೆ ತ್ರಿಕೋನ. ಎಡ ಸ್ಪೀಕರ್, ಬಲ ಸ್ಪೀಕರ್, ನಿಮ್ಮ ತಲೆ, ಮೂರರ ನಡುವಿನ ದೂರವೂ ಸಮ ಇರಬೇಕು, ಆಗ ಒಂದೊಂದು ಸ್ಪೀಕರೂ ನಿಮ್ಮ ಎದುರಿನ ಗೆರೆಯಿಂದ 30 ಡಿಗ್ರಿಯಲ್ಲಿ ಬರುತ್ತದೆ. ನಿಮ್ಮ ಎರಡು ಮಾನಿಟರ್ ಸೇರಿ 110 ಸೆಂ.ಮೀ. ಆಗುತ್ತವೆ, ಹೊರಗಡೆ ಇಟ್ಟ ಸ್ಪೀಕರ್‌ಗಳ ನಡುವೆ 125ರಿಂದ 130. ನೀವು ಕೂರೋದು 70 ಸೆಂ.ಮೀ. ದೂರದಲ್ಲಿ. ಕೋನ 40 ಡಿಗ್ರಿ ದಾಟುತ್ತದೆ, ನಡುವೆ ಹಾಡುಗಾರನೇ ಇಲ್ಲದ ಹಾಗೆ ಟೊಳ್ಳಾಗುತ್ತದೆ. ಒಂದು ಮಾನಿಟರನ್ನು ಉದ್ದಕ್ಕೆ ನಿಲ್ಲಿಸಿ. 24 ಇಂಚಿನದು ಹಾಗೆ ನಿಂತರೆ 30 ಸೆಂ.ಮೀ. ಅಗಲವಷ್ಟೇ, ಟೈಮ್‌ಲೈನ್ ಮೊದಲನೆಯದರಲ್ಲಿ, ಫೈಲ್‌ಗಳೆಲ್ಲ ಇದರಲ್ಲಿ. ಸ್ಪೀಕರ್‌ಗಳು 105ಕ್ಕೆ ಹತ್ತಿರ ಬರುತ್ತವೆ, ಕುರ್ಚಿ ಒಂದು ಗೇಣು ಹಿಂದಕ್ಕೆ ಹಾಕಿದರೆ ಸರಿಯಾದ ತ್ರಿಕೋನ ಸಿಗುತ್ತದೆ. ಸ್ಪೀಕರಿನ ಮುಖ ಮಾನಿಟರಿನ ಮುಖಕ್ಕಿಂತ ಹಿಂದೆ ಹೋಗದಿರಲಿ, ಹೋದರೆ ಪರದೆಯ ಅಂಚು ಅಡ್ಡ ಬರುತ್ತದೆ.

ಆಮೇಲೆ ಪರೀಕ್ಷೆ. ಒಬ್ಬರೇ ಮಾತಾಡಿರುವ ರೆಕಾರ್ಡಿಂಗ್ ಹಾಕಿ ಕಣ್ಣು ಮುಚ್ಚಿ. ದನಿ ಎರಡು ಪೆಟ್ಟಿಗೆಯ ನಡುವಿನ ಖಾಲಿ ಜಾಗದಿಂದ, ಒಬ್ಬ ಮನುಷ್ಯ ಎದುರು ಕೂತು ಮಾತಾಡಿದಷ್ಟು ಕಿರಿದಾಗಿ ಬರಬೇಕು. ನಂತರ ಮೃದಂಗ ಸ್ಪಷ್ಟವಾಗಿರುವ ಕಛೇರಿ ಹಾಕಿ. ಎಡಗೈ ಪೆಟ್ಟು ಬಿದ್ದು, ನುಡಿದು, ನಿಲ್ಲಬೇಕು. ಒಂದಕ್ಕೊಂದು ಅಂಟಿಕೊಂಡು ಎಳೆದರೆ ಬಾಸ್ ಸ್ವಿಚ್ ಇನ್ನೊಂದು ಹಂತ ಇಳಿಸಿ. ಎಡಿಟಿಂಗ್ ಮಾಡುವವರು ನೀವು, ನಿಮ್ಮ ಕೋಣೆ ಬಾಸ್ ಜಾಸ್ತಿ ತೋರಿಸಿದರೆ ನೀವು ವಿಡಿಯೋದಲ್ಲಿ ಕಡಿಮೆ ಮಾಡುತ್ತೀರಿ, ಗಿರಾಕಿಯ ಮನೆಯಲ್ಲಿ ಅದು ಬಡಕಲಾಗಿ ಕೇಳುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಲ್ಯಾಪ್‌ಟಾಪ್‌ಗೆ ಸ್ಪೀಕರ್ ಜೋಡಿಸಿದಾಗ ಸಣ್ಣಗೆ ಹೂಂ ಅಂತ ಸದ್ದು ಬರುತ್ತೆ. ಹಾಡು ನಿಲ್ಲಿಸಿದರೆ ಇನ್ನೂ ಕೇಳುತ್ತೆ. ಸ್ಪೀಕರ್ ಕೆಟ್ಟಿದೆಯಾ? – ದಾವಣಗೆರೆಯಿಂದ

ಇರಲಾರದು. ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ ಕೇಳಿ. ಸದ್ದು ಹೋದರೆ ಅದು ಅರ್ತಿಂಗ್ ಸುತ್ತು: ಸ್ಪೀಕರ್ ಒಂದು ಸಾಕೆಟ್‌ನಿಂದ, ಚಾರ್ಜರ್ ಇನ್ನೊಂದರಿಂದ ಅರ್ತ್ ಪಡೆದು, ಆಡಿಯೋ ವೈರ್ ಮೂಲಕ ಎರಡೂ ಸೇರಿಕೊಂಡಿವೆ. ನಮ್ಮ ಕರೆಂಟ್ 50 ಹರ್ಟ್ಸ್, ಆ ಹೂಂಕಾರ ಅದರದ್ದೇ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಇಲ್ಲದಿದ್ದರೆ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಕಂಪ್ಯೂಟರಿನ ಹೊರಗೆ ಕೂರುವ ಸೌಂಡ್ ಕಾರ್ಡ್) ತಂದು, ಇಂಥ ಸದ್ದನ್ನು ತಡೆಯುವ ಬ್ಯಾಲೆನ್ಸ್ಡ್ ಕೇಬಲ್‌ನಲ್ಲಿ ಜೋಡಿಸಿ. ಈ ಅರ್ತಿಂಗ್ ಸುತ್ತನ್ನು ಕಡಿಯೋಕೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಚಿಕ್ಕ ಡಬ್ಬಿ ಸಿಗುತ್ತದೆ, ಒಳಗಿರೋದು ಪುಟ್ಟ ಟ್ರಾನ್ಸ್‌ಫಾರ್ಮರ್, ತೀರಾ ಅಗ್ಗದ್ದಾದರೆ ಬಾಸ್ ತಿನ್ನುತ್ತದೆ.

ಒಂದು ಮಾತು ದಯವಿಟ್ಟು ಕೇಳಿ. ಪ್ಲಗ್‌ನ ಮೂರನೇ ಪಿನ್ ಮುರಿದರೆ ಸದ್ದು ಹೋಗುತ್ತೆ ಅಂತ ಯಾರಾದರೂ ಹೇಳಿದರೆ ಮಾಡಬೇಡಿ. ಸದ್ದು ಹೋಗಬಹುದು, ಆದರೆ ಒಳಗೆ ಏನಾದರೂ ತಾಗಿದ ದಿನ ಸ್ಪೀಕರಿನ ಲೋಹದ ಭಾಗಕ್ಕೆ 230 ವೋಲ್ಟ್ ಬರುತ್ತದೆ.

ಹೂಂ ಅಲ್ಲ, ಸುಯ್ ಅಂತ ಬರುತ್ತಿದ್ದರೆ ಅದು ಬೇರೆ. ಸ್ಪೀಕರ್ ಹಿಂದಿನ ನಾಬ್ ಪೂರ್ತಿ ತಿರುಗಿಸಿ ಕಂಪ್ಯೂಟರ್‌ನಲ್ಲಿ ವಾಲ್ಯೂಮ್ 20ಕ್ಕೆ ಇಟ್ಟಿರುತ್ತೀರಿ. ಅದನ್ನು ಉಲ್ಟಾ ಮಾಡಿ, ಕಂಪ್ಯೂಟರ್ 80ರ ಮೇಲೆ, ನಾಬ್ ಕೆಳಗೆ.

ಬೆಂಗಳೂರಿನ ಎಸ್.ಪಿ. ರೋಡಲ್ಲಿ 5.1 ಸೆಟ್ (ಐದು ಸ್ಪೀಕರ್, ಒಂದು ಸಬ್‌ವೂಫರ್) ನೋಡಿದೆ, ಡಬ್ಬಿ ಮೇಲೆ ಸಾವಿರಾರು ವ್ಯಾಟ್ ಪಿಎಂಪಿಒ ಅಂತಿದೆ. ಅದೇ ದುಡ್ಡಿಗೆ ಎರಡೇ ಎರಡು ಸ್ಪೀಕರ್ ಕೊಡುತ್ತಾರೆ. ಆಫೀಸ್ ಟೇಬಲ್ ಸುತ್ತ ಐದು ಇಟ್ಟರೆ ಚೆನ್ನಾಗಿರಲ್ವಾ?

ಎರಡನ್ನೇ ತಗೊಳ್ಳಿ. ಪಿಎಂಪಿಒ ಸಂಖ್ಯೆಗೆ ಯಾವ ಒಪ್ಪಿದ ಅಳತೆಯೂ ಇಲ್ಲ, ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ಪವರ್, ಎಷ್ಟು ಅಂತ ಮಾತ್ರ ಕೇಳಿ. ವ್ಯಾಟ್ ಬಗ್ಗೆ ಚಿಂತೆಯೂ ಬೇಡ, ಹಾಲ್‌ನಲ್ಲಿ 3 ಮೀಟರ್ ದೂರ ಕೂರುವವರು ಟೇಬಲ್‌ನಲ್ಲಿ 75 ಸೆಂ.ಮೀ.ಗೆ ಬಂದರೆ ಗೋಡೆಗಳಿಲ್ಲದ ಬಯಲಿನ ಲೆಕ್ಕದಲ್ಲಿ 12 ಡೆಸಿಬೆಲ್ ಉಳಿಯುತ್ತದೆ, ಅಂದರೆ ಹದಿನಾರನೇ ಒಂದು ಭಾಗ ಪವರ್ ಸಾಕು.

5.1ರ ಹಿಂದಿನ ಎರಡು ಸ್ಪೀಕರ್ ನಿಮ್ಮ ಎದುರಿನ ಗೆರೆಯಿಂದ 100ರಿಂದ 120 ಡಿಗ್ರಿಯಲ್ಲಿ, ಅಂದರೆ ಭುಜದಿಂದ ಸ್ವಲ್ಪ ಹಿಂದೆ ನಿಲ್ಲಬೇಕು. ಆಫೀಸಿನಲ್ಲಿ ಅಲ್ಲಿ ಜನ ಓಡಾಡುತ್ತಾರೆ, ಬೇರೆಯವರ ಕುರ್ಚಿ ಇರುತ್ತದೆ, ವೈರ್ ಕಾಲಿಗೆ ಸಿಗುತ್ತದೆ. ಕೊನೆಗೆ ಐದನ್ನೂ ಟೇಬಲ್ ಮೇಲೇ ಸಾಲಾಗಿ ಜೋಡಿಸಿಟ್ಟ ಆಫೀಸ್‌ಗಳನ್ನು ನೋಡಿದ್ದೇನೆ. ಮೇಲಾಗಿ ನೀವು ಕೇಳುವ ಹಾಡು, ಮೀಟಿಂಗ್, ಸುದ್ದಿ ಬಹುತೇಕ ಎರಡೇ ಚಾನೆಲ್. ಯಮಾಹಾ ಎನ್‌ಎಸ್-10 ಅಂತ ಒಂದು ಜೊತೆ ಸ್ಪೀಕರ್ 1978ರಲ್ಲಿ ಮನೆಗೆಂದು ಬಂತು, ಬಾಸ್ ಅಷ್ಟಕ್ಕಷ್ಟೇ, ಆದರೂ ಜಗತ್ತಿನ ಎಷ್ಟೋ ಸ್ಟುಡಿಯೋಗಳು ಅದನ್ನು ಮಿಕ್ಸಿಂಗ್ ಡೆಸ್ಕ್ ಮೇಲಿಟ್ಟು ಕೆಲಸ ಮಾಡಿದವು. ನಡುವಿನ ಸ್ವರ ಸ್ಪಷ್ಟವಾಗಿದ್ದರೆ ಕಿವಿಗೆ ಸಾಕಾಗುತ್ತದೆ.

ಮೈಸೂರಿನಲ್ಲಿ ಆಡಿಟರ್ ಆಫೀಸ್ ಸರ್. ಪಕ್ಕದ ಕ್ಯಾಬಿನ್‌ಗೂ ನನಗೂ ನಡುವೆ ಜಿಪ್ಸಮ್ ಗೋಡೆ. ಸಣ್ಣಗೆ ಹಾಕಿದರೆ ಹಾಡಿನಲ್ಲಿ ಜೀವವೇ ಇರಲ್ಲ, ಜೋರು ಹಾಕಿದರೆ ಅವರಿಗೆ ತೊಂದರೆ.

ಇದು ನಮ್ಮ ಕಿವಿಯ ಸ್ವಭಾವ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದರು: ಶಬ್ದ ಸಣ್ಣದಾದಷ್ಟೂ ಬಾಸ್ ಮೊದಲು ಕಾಣೆಯಾಗುತ್ತದೆ. ಸಣ್ಣ ವಾಲ್ಯೂಮ್‌ನಲ್ಲೇ ಕೇಳುವವರು 100 ಹರ್ಟ್ಸ್ ಸುತ್ತ 3-4 ಡೆಸಿಬೆಲ್ ಏರಿಸಿಕೊಂಡರೆ ತಪ್ಪಿಲ್ಲ. ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಮಾಡಬಹುದು. ಆದರೆ ನಿಮ್ಮದು ಜಿಪ್ಸಮ್ ಗೋಡೆ, ಅದನ್ನು ದಾಟಿ ಹೋಗೋದು ಬಾಸೇ. ಹಾಗಾಗಿ 60 ಹರ್ಟ್ಸ್‌ಗಿಂತ ಕೆಳಗಿನದನ್ನು ಅದೇ ಸಾಫ್ಟ್‌ವೇರ್‌ನಲ್ಲಿ ಕತ್ತರಿಸಿ, ಸ್ಪೀಕರನ್ನು ಆ ಗೋಡೆಯ ಪಕ್ಕದಿಂದ ತೆಗೆದು ಇಟ್ಟಿಗೆ ಗೋಡೆ ಕಡೆ ತನ್ನಿ, ಟೇಬಲ್ ಕೂಡ ಜಿಪ್ಸಮ್‌ಗೆ ತಾಗದಿರಲಿ. ಸ್ಪೀಕರ್ ನಿಮಗೆ ಹತ್ತಿರ ಬಂದಷ್ಟೂ ಪಕ್ಕದವರಿಗೆ ಹೋಗೋದು ಕಡಿಮೆ. ಸಾಮಾನ್ಯ ಮಾತಿನ ಮಟ್ಟ, ಅಂದರೆ 60 ಡೆಸಿಬೆಲ್ ಆಸುಪಾಸು, ಕೆಲಸದ ಜೊತೆ ಕೇಳೋಕೆ ಧಾರಾಳ ಆಯಿತು. ಮಾರ್ಚ್ ತಿಂಗಳಲ್ಲಿ ಪಕ್ಕದವರೂ ತಲೆ ಕೆಡಿಸಿಕೊಂಡು ಲೆಕ್ಕ ಮಾಡುತ್ತಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ.

ಸಾಗರದಿಂದ. ಅಪ್ಪನ ಕಾಲದ ಎರಡು ಬುಕ್‌ಶೆಲ್ಫ್ ಸ್ಪೀಕರ್, ಒಂದು ಆಂಪ್ಲಿಫೈಯರ್ ಅಟ್ಟದಲ್ಲಿವೆ. ನನ್ನ ಆಫೀಸಿಗೆ ತರಬಹುದಾ, ಹೊಸದೇ ಬೇಕಾ?

ಖಂಡಿತ ತನ್ನಿ. ಮೊದಲು ಜಾಲರಿ ತೆಗೆದು ವೂಫರಿನ ಅಂಚು ಬೆರಳಲ್ಲಿ ಮೆಲ್ಲಗೆ ಮುಟ್ಟಿ. ಹಳೆಯ ಸ್ಪೀಕರ್‌ಗಳಲ್ಲಿ ಆ ಅಂಚು ಎಷ್ಟೋ ಸಲ ಫೋಮ್‌ನದು, ಮಲೆನಾಡಿನ ತೇವದಲ್ಲಿ ಬೇಗ ಪುಡಿಯಾಗುತ್ತದೆ. ಉದುರುತ್ತಿದ್ದರೆ ನುಡಿಸಬೇಡಿ, ಸ್ಪೀಕರ್ ರಿಪೇರಿಯವರ ಹತ್ತಿರ ಅಂಚು ಬದಲಿಸಿ. ರಬ್ಬರ್ ಅಂಚಾದರೆ ಸಾಮಾನ್ಯವಾಗಿ ಚೆನ್ನಾಗಿಯೇ ಉಳಿದಿರುತ್ತದೆ. ಆಂಪ್ಲಿಫೈಯರ್ ನಾಬ್‌ಗಳಲ್ಲಿ ಕರಕರ ಬಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ.

ವೈರ್ ಜೋಡಿಸುವಾಗ ಕೆಂಪು-ಕಪ್ಪು ಒಂದು ಕಡೆ ಅದಲುಬದಲಾದರೆ ಎರಡು ಸ್ಪೀಕರ್ ಒಂದಕ್ಕೊಂದು ಎದುರಾಗಿ ನುಡಿಯುತ್ತವೆ, ಬಾಸ್ ಮಾಯವಾಗುತ್ತದೆ, ದನಿ ನಡುವೆ ನಿಲ್ಲದೆ ಚದುರುತ್ತದೆ. ಗುರುತು ಅಳಿಸಿಹೋಗಿದ್ದರೆ ಆಂಪ್ಲಿಫೈಯರ್ ವೈರ್ ಬಿಚ್ಚಿ, ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ ತಗೊಂಡು ಎರಡು ತುದಿಯನ್ನು ಸ್ಪೀಕರಿನ ಎರಡು ಟರ್ಮಿನಲ್‌ಗೆ ಒಂದೇ ಕ್ಷಣ ತಾಗಿಸಿ. ವೂಫರ್ ಹೊರಗೆ ಉಬ್ಬಿದರೆ ಸೆಲ್‌ನ ಪ್ಲಸ್ ತಾಗಿದ ಕಡೆಯೇ ಸ್ಪೀಕರಿನ ಪ್ಲಸ್. ಒಳಗೆ ಹೋದರೆ ತಿರುಗುಮುರುಗು. ಎರಡೂ ಸ್ಪೀಕರಿಗೆ ಹೀಗೆ ನೋಡಿ, ಪ್ಲಸ್ ಇರುವ ಕಡೆ ಕೆಂಪು ಟೇಪ್ ಸುತ್ತಿ, ಆಮೇಲೆ ಜೋಡಿಸಿ.