ಬಾರ್ಸಿಲೋನಾದಲ್ಲಿ ನೀವು ಹೋಟೆಲ್ ಹುಡುಕಬೇಡಿ, ಮೊದಲು ಊಟದ ಟೈಮ್ ಸರಿಮಾಡಿಕೊಳ್ಳಿ

ಅಪ್ಪ ಅಮ್ಮನ ಜೊತೆ ಬಾರ್ಸಿಲೋನಾಗೆ ಹೋಗುತ್ತಿದ್ದೀರಿ, ಲಾ ರಾಂಬ್ಲಾ ರಸ್ತೆಯಲ್ಲಿ ರಾತ್ರಿ ಊಟಕ್ಕೆ ಒಳ್ಳೆಯ ಪಾಯೆಯಾ (ಅಗಲ ಬಾಣಲೆಯಲ್ಲಿ ಮಾಡುವ ಸ್ಪೇನಿನ ಅನ್ನ) ಸಿಗುವ ಹೋಟೆಲ್ ಬೇಕು, ಅಪ್ಪ ಸಸ್ಯಾಹಾರಿ. ನೀವು ಬರೆದು ಕೇಳಿದ್ದು ಇಷ್ಟೇ ಅಲ್ವಾ? ನಮ್ಮದೂ ಇದೇ ಕಥೆ. ನಮ್ಮ ಮನೆಯಲ್ಲಿ ಸಸ್ಯಾಹಾರಿ ಅಮ್ಮ, ಜೊತೆಗೆ ಅವರಿಗೆ ಶುಗರ್.

ಬೆಳಗ್ಗೆ ರೂಮಿನಲ್ಲಿ ಕೊಟ್ಟ ತಿಂಡಿಯನ್ನು ಗಡದ್ದಾಗಿ ತಿಂದು ಸಗ್ರಾದಾ ಫಮಿಲಿಯಾ ಚರ್ಚ್ ನೋಡಲು ಹೋದೆವು. ಮಧ್ಯಾಹ್ನ ಯಾರಿಗೂ ಹಸಿವಿಲ್ಲ. ಬೊಕೆರಿಯಾ ಮಾರ್ಕೆಟ್ಟಿನಲ್ಲಿ ಹೆಚ್ಚಿಟ್ಟ ಹಣ್ಣು ತಿಂದು, ಜ್ಯೂಸ್ ಕುಡಿದು, ‘ರಾತ್ರಿ ಜೋರಾಗಿ ಊಟ ಮಾಡೋಣ’ ಅಂದುಕೊಂಡೆವು. ಆರೂವರೆ ಹೊತ್ತಿಗೆ ಎಲ್ಲರ ಹೊಟ್ಟೆ ಚುರುಗುಟ್ಟತೊಡಗಿತು. ಅಮ್ಮನಿಗಂತೂ ಊಟ ತಡವಾದರೆ ಆಗುವುದಿಲ್ಲ. ಒಳಗಿನ ಗಲ್ಲಿಗಳಲ್ಲಿ ಕೇಳಿದರೆ ಬಾಗಿಲು ತೆಗೆದಿದೆ, ಒಳಗೆ ಬಿಯರ್ ಕುಡಿಯುವವರೂ ಇದ್ದಾರೆ, ಆದರೆ ಅಡುಗೆಮನೆ ಬಂದ್. ಒಬ್ಬಾಕೆ ಗೋಡೆ ಗಡಿಯಾರದ ಕಡೆ ಕೈ ತೋರಿಸಿ ಎಂಟೂವರೆಗೆ ಬನ್ನಿ ಎಂದಳು.

ವಾಪಸ್ ರಾಂಬ್ಲಾಗೆ ಬಂದೆವು. ಅಲ್ಲಿ ಊಟ ರೆಡಿ ಇತ್ತು. ಮೆನು ಹಿಡಿದು ಕರೆಯುವವನು ನಮ್ಮನ್ನು ನೋಡಿದ್ದೇ ‘ನಮಸ್ತೆ’ ಅಂದ. ಆಳೆತ್ತರದ ಬೋರ್ಡಿನಲ್ಲಿ ಹಳದಿ ಅನ್ನದ ಫೋಟೋಗಳು. ಪಕ್ಕದ ಹೋಟೆಲಿನ ಬೋರ್ಡಿನಲ್ಲೂ ಅವೇ ಫೋಟೋಗಳು, ಸೀಗಡಿ ಮಲಗಿಸಿದ ದಿಕ್ಕೂ ಅದೇ. ಫ್ಯಾಕ್ಟರಿಯಲ್ಲಿ ಮಾಡಿ ಫ್ರೀಜ್ ಮಾಡಿದ ಪಾಯೆಯಾ ತರಿಸಿ ಬಿಸಿ ಮಾಡಿ ಕೊಡುವ ಕಡೆಗಳಲ್ಲಿ ಹೀಗಿರುತ್ತದೆ ಅಂತ ಆಮೇಲೆ ಗೊತ್ತಾಯಿತು.

ನಮಗೆ ಮೂವರಿಗೆ ಸೀಫುಡ್, ಅಮ್ಮನಿಗೆ ತರಕಾರಿಯದು. ಬೆಲೆ ಇಡೀ ಬಾಣಲೆಗೆ ಅಂದುಕೊಂಡಿದ್ದೆವು. ಅದು ತಲೆಗೆ ಇಷ್ಟು ಅಂತ, ಕನಿಷ್ಠ ಇಬ್ಬರಿಗೆ. ಹಾಗಾಗಿ ಅಮ್ಮ ಒಬ್ಬರೇ ಇಬ್ಬರ ದುಡ್ಡಿನ ಅನ್ನದ ಮುಂದೆ ಕೂತರು. ಕೇಳದೆಯೇ ಬ್ರೆಡ್ ಬಂತು, ಅದಕ್ಕೂ ದುಡ್ಡು. ‘ಸಂಗ್ರಿಯಾ?’ ಅಂದ ವೇಟರ್, ಹೂಂ ಅಂದೆ, ಹಣ್ಣು ಹಾಕಿದ ಆ ವೈನಿನ ಒಂದು ಲೀಟರಿನ ಜಗ್ ಬಂತು. ಹೊರಗಿನ ಟೇಬಲ್ಲಿಗೆ ಬೇರೆ ಶೇ 10 ಜಾಸ್ತಿ. ಎಲ್ಲ ಸೇರಿ ಬಿಲ್ಲು 150 ಯೂರೋ ದಾಟಿತು. ಮೋಸ ಅನ್ನುವಂತಿಲ್ಲ, ಎಲ್ಲವನ್ನೂ ಮೆನುವಿನ ಕೆಳಗೆ ಸಣ್ಣಕ್ಷರದಲ್ಲಿ ಹಾಕಿದ್ದರು. ಅಮ್ಮ ಎರಡು ತುತ್ತು ತಿಂದು ‘ಏನೋ ವಾಸನೆ ಕಣೋ’ ಅಂದರು. ವೇಟರನ್ನು ಕೇಳಿದೆ. ತರಕಾರಿ ಪಾಯೆಯಾ ಹೌದು, ಆದರೆ ಅನ್ನ ಬೆಂದದ್ದು ಮೀನಿನ ಸಾರಿನಲ್ಲಿ. ಅಮ್ಮ ಬ್ರೆಡ್ ತಿಂದು ಮಾತ್ರೆ ನುಂಗಿದರು.

ಈಗ ನೀವು ‘ಮೆನು ಸರಿಯಾಗಿ ಓದಬೇಕಿತ್ತು’ ಅನ್ನಬಹುದು. ನನ್ನ ಹೆಂಡತಿಯೂ ಅದನ್ನೇ ಅಂದಳು. ನಾನು ಒಪ್ಪುವುದಿಲ್ಲ. ನಾವು ಕೆಟ್ಟದ್ದು ಏಳು ಗಂಟೆಗೆ ಅಲ್ಲ, ಮಧ್ಯಾಹ್ನ ಎರಡು ಗಂಟೆಗೆ, ಊಟ ಬಿಟ್ಟಾಗ. ಹಸಿದವನು ಸಣ್ಣಕ್ಷರ ಓದುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಭೂಪಟ ನೋಡಿದರೆ ಸ್ಪೇನ್ ಹೆಚ್ಚುಕಡಿಮೆ ಇಂಗ್ಲೆಂಡಿನ ನೇರಕ್ಕೆ ಕೆಳಗಿದೆ. ಆದರೆ 1940ರಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಜರ್ಮನಿಯ ಟೈಮಿಗೆ ಸೇರಿಸಿತು. ಆಮೇಲೆ ಯಾರೂ ಅದನ್ನು ಹಿಂದಕ್ಕೆ ತರಲಿಲ್ಲ. ಹಾಗಾಗಿ ಜೂನ್ ಕೊನೆಯಲ್ಲಿ ಬಾರ್ಸಿಲೋನಾದಲ್ಲಿ ಸೂರ್ಯ ಮುಳುಗುವುದೇ ಒಂಬತ್ತೂವರೆ ಹತ್ತಿರ. ಅಲ್ಲಿನವರ ಮುಖ್ಯ ಊಟ ಮಧ್ಯಾಹ್ನ ಎರಡರ ಸುಮಾರಿಗೆ. ನಾಲ್ಕಕ್ಕೆಲ್ಲ ಅಡುಗೆಮನೆ ಮುಚ್ಚಿದರೆ ಮತ್ತೆ ಒಲೆ ಹಚ್ಚುವುದು ಎಂಟರ ಮೇಲೆ. ನಡುವೆ ಏಳಕ್ಕೆ ಊಟ ಬೇಕು ಅನ್ನುವವರು ನಮ್ಮಂಥ ಪ್ರವಾಸಿಗರು ಮಾತ್ರ. ಆ ಹೊತ್ತಿಗೆ ತೆರೆದಿರುವ ಅಡುಗೆಮನೆ ನಮಗಾಗಿಯೇ ತೆರೆದಿರುತ್ತದೆ. ಪಾಯೆಯಾ ಕೂಡ ಮಧ್ಯಾಹ್ನದ ಊಟವೇ. ಅದು ಹುಟ್ಟಿದ ವಲೆನ್ಸಿಯಾದಲ್ಲಿ ಭಾನುವಾರ ಮಧ್ಯಾಹ್ನ ಮನೆಮಂದಿ ಸೇರಿ ಮಾಡಿಕೊಳ್ಳುತ್ತಾರೆ. ರಾತ್ರಿಗೆ ಅದು ಭಾರ ಅನ್ನುತ್ತಾರೆ.

ಆದ್ದರಿಂದ ‘ರಾತ್ರಿ ಯಾವ ಹೋಟೆಲ್’ ಅನ್ನುವ ಪ್ರಶ್ನೆಯನ್ನೇ ಬಿಡಿ. ವಾರದ ದಿನ ಮಧ್ಯಾಹ್ನ ಎರಡಕ್ಕೆ ಊಟಕ್ಕೆ ಕೂರಿ. ರಾಂಬ್ಲಾ ಬೇಡ. ಗ್ರಾಸಿಯಾ, ಸಾಂತ್ ಆಂತೋನಿ, ಪೋಬ್ಲೆ ಸೆಕ್ ಬಡಾವಣೆಗಳ ಕಡೆ ಹೋಗಿ. ಹೊರಗೆ ‘ಮೆನು ದೆಲ್ ದಿಯಾ’ ಅಂತ ಕೈಯಲ್ಲಿ ಬರೆದ ಹಲಗೆ ಇದ್ದರೆ ಒಳಗೆ ನುಗ್ಗಿ. ನಮ್ಮ ಕಡೆಯ ಫುಲ್ ಮೀಲ್ಸ್ ಇದ್ದ ಹಾಗೆ ಅದು. ಮೊದಲ ತಟ್ಟೆ, ಎರಡನೇ ತಟ್ಟೆ, ಬ್ರೆಡ್, ಕುಡಿಯಲು ಏನಾದರೂ, ಕೊನೆಗೆ ಸಿಹಿ ಅಥವಾ ಕಾಫಿ, ಎಲ್ಲಕ್ಕೂ ಸೇರಿ ಒಂದೇ ಬೆಲೆ, 15 ಯೂರೋ ಆಸುಪಾಸು. ತೆರಿಗೆ ಅದರಲ್ಲೇ ಸೇರಿರುತ್ತದೆ. ನೀರಿಗೆ ದುಡ್ಡು ಕೊಡಬೇಡಿ, ನಲ್ಲಿ ನೀರು ಕೇಳಿ. 2022ರ ಕಾನೂನಿನ ಪ್ರಕಾರ ಅದನ್ನು ಉಚಿತವಾಗಿ ಕೊಡಲೇಬೇಕು. ಟಿಪ್ಸ್ ಒತ್ತಾಯವೇನಿಲ್ಲ.

ಇನ್ನು ಅಪ್ಪನಿಗೆ ಪಾಯೆಯಾ ತಿನ್ನಿಸುವ ಆಸೆ ಬಿಟ್ಟುಬಿಡಿ ಅಂತಲೇ ನನ್ನ ಸಲಹೆ. ಅಸಲಿ ವಲೆನ್ಸಿಯಾ ಪಾಯೆಯಾದಲ್ಲಿ ಕೋಳಿ, ಮೊಲ ಇರುತ್ತದೆ. ತರಕಾರಿಯದಕ್ಕೂ ಯಾವ ಸಾರು ಹಾಕಿದ್ದಾರೆ ಅಂತ ಪ್ರತಿ ಸಲ ಕೇಳಬೇಕು. ಸುಮ್ನೆ ರಗಳೆ. ‘ಮಾಂಸ ಬೇಡ’ ಅಂದರೂ ಸಲಾಡಿನ ಮೇಲೆ ಟ್ಯೂನಾ ಮೀನು ಹಾಕಿ ತರುತ್ತಾರೆ, ಪಾಲಕ್ ಪಲ್ಯದಲ್ಲಿ ಹಂದಿಮಾಂಸದ ಚೂರು ಇರುತ್ತದೆ. ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಾಮೋನ್’ ಅಂತ ಮೂರನ್ನೂ ಹೇಳಿ. ಮಾಂಸ ಬೇಡ, ಮೀನು ಬೇಡ, ಹಾಮೋನ್ (ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸ) ಬೇಡ ಅಂತ ಅರ್ಥ.

ಮರುದಿನ ಅಮ್ಮ ಖುಷಿಯಾಗಿ ತಿಂದದ್ದು ಎಸ್ಕಲಿವಾದಾ. ಬದನೆಕಾಯಿ, ಕೆಂಪು ದಪ್ಪ ಮೆಣಸಿನಕಾಯಿಯನ್ನು ಸಿಪ್ಪೆ ಕಪ್ಪಾಗುವಷ್ಟು ಸುಟ್ಟು, ಸುಲಿದು, ಉದ್ದುದ್ದ ಸೀಳಿ, ಆಲಿವ್ ಎಣ್ಣೆ ಸುರಿದಿದ್ದರು. ಜೊತೆಗೆ ಟೊಮೆಟೊ ಉಜ್ಜಿದ ಬ್ರೆಡ್. ‘ಇದಕ್ಕೊಂದು ಒಗ್ಗರಣೆ ಬಿದ್ದಿದ್ದರೆ ನಮ್ಮ ಗೊಜ್ಜೇ’ ಅಂತ ಅಮ್ಮ ತೀರ್ಪು ಕೊಟ್ಟರು. ಹುರಿದು ಕಲ್ಲುಪ್ಪು ಉದುರಿಸಿದ ಹಸಿರು ಪದ್ರೋನ್ ಮೆಣಸಿನಕಾಯಿಯೂ ಅವರಿಗೆ ಹಿಡಿಸಿತು. ಹೆಚ್ಚಿನವು ಖಾರ ಇರುವುದಿಲ್ಲ, ಎಲ್ಲೋ ಒಂದು ಕಣ್ಣಲ್ಲಿ ನೀರು ತರಿಸುತ್ತದೆ.

ಅಪ್ಪ ಮೊಟ್ಟೆ ತಿನ್ನುತ್ತಾರಾ ಅಂತ ನೀವು ಬರೆದಿಲ್ಲ. ತಿನ್ನುವುದಾದರೆ ಆಲೂಗಡ್ಡೆ ತೋರ್ತಿಯಾ, ಅಂದರೆ ದಪ್ಪ ಆಮ್ಲೆಟ್, ಹೆಚ್ಚಿನ ಬಾರುಗಳಲ್ಲಿ ಸಿಗುತ್ತದೆ, ಅದೇ ರಾತ್ರಿಗೆ ಸಾಕು. ಇಲ್ಲವೆಂದರೆ ‘ಸಿನ್ ಹುವೆವೊ’ ಅಂತಲೂ ಸೇರಿಸಿ. ಪತಾತಾಸ್ ಬ್ರಾವಾಸ್ (ಸಾಸ್ ಹಾಕಿದ ಕರಿದ ಆಲೂಗಡ್ಡೆ) ಹೇಳಿದಾಗ ಬಿಳಿ ಸಾಸ್ ಬೇಡ ಅನ್ನಿ, ಅದರಲ್ಲಿ ಮೊಟ್ಟೆ ಇರುವುದೇ ಜಾಸ್ತಿ. ತೀರಾ ಅನ್ನ ಬೇಕು ಅಂತ ಹಟ ಹಿಡಿದರೆ ರಾಂಬ್ಲಾದಿಂದ ರವಾಲ್ ಕಡೆಗೆ ನಡೆಯಿರಿ. ಪಾಕಿಸ್ತಾನಿ, ಭಾರತೀಯ ಹೋಟೆಲ್‌ಗಳು ಅಲ್ಲಿ ಬೇಕಾದಷ್ಟಿವೆ, ದಾಲ್ ಚಾವಲ್ ಸಿಗುತ್ತದೆ.