ಡೆಂಗ್ಯೂ ವರದಿಯಲ್ಲಿ ವೈರಸ್‌ನ ಬಗೆ ಏಕೆ ಇರುವುದಿಲ್ಲ?

ಪ್ರಶ್ನೆ: ಮೂರು ವರ್ಷಗಳ ಹಿಂದೆ ಡೆಂಗ್ಯೂವಿನಿಂದ ಗುಣಮುಖನಾಗಿದ್ದ ನನ್ನ ಮಗನಿಗೆ ಈ ಮಳೆಗಾಲದಲ್ಲಿ ಮತ್ತೆ ಅದೇ ಜ್ವರ ಬಂದಿತು. ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ ಎಂದು ವೈದ್ಯರು ಹೇಳಿದರು. ಆದರೆ ವರದಿಯಲ್ಲಿ ಬಗೆಯ ಉಲ್ಲೇಖವಿಲ್ಲ. ಅದನ್ನು ಯಾರಾದರೂ ಪತ್ತೆ ಮಾಡುತ್ತಾರೆಯೇ? ನಾವೇ ಹಣ ಕೊಟ್ಟು ಮಾಡಿಸಬೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ವೈದ್ಯರು ಹೇಳಿದ್ದು ಸರಿ. ಡೆನ್-1ರಿಂದ ಡೆನ್-4ರವರೆಗಿನ ಬಗೆಗಳಲ್ಲಿ ಯಾವುದು ಬಂದು ಹೋಯಿತೋ ಅದರ ವಿರುದ್ಧ ಬಹುಕಾಲದ ರಕ್ಷಣೆ ದೊರೆಯುತ್ತದೆ. ಉಳಿದವುಗಳ ವಿರುದ್ಧ ಕೆಲವು ತಿಂಗಳು ಮಾತ್ರ. ಆನಂತರ ಬೇರೆ ಬಗೆ ತಗುಲಿದಾಗ ಹಿಂದಿನ ಸೋಂಕಿನ ವಿರುದ್ಧ ದೇಹ ತಯಾರಿಸಿದ್ದ ಹಳೆಯ ಪ್ರತಿಕಾಯಗಳೇ ವೈರಸ್ ಜೀವಕೋಶದೊಳಗೆ ನುಗ್ಗಲು ನೆರವಾಗುವುದುಂಟು. ಎರಡನೆಯ ಸಲದ ಡೆಂಗ್ಯೂ ತೀವ್ರವಾಗುವ ಸಾಧ್ಯತೆ ಹೆಚ್ಚಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಕ್ಯೂಬಾದ ಅನುಭವ ಇದನ್ನು ನೋವಿನಿಂದಲೇ ಕಲಿಸಿತು. ಅಲ್ಲಿ 1977ರಲ್ಲಿ ಹರಡಿದ ಡೆನ್-1 ಬಹುಮಟ್ಟಿಗೆ ಸೌಮ್ಯವಾಗಿತ್ತು. 1981ರಲ್ಲಿ ಡೆನ್-2 ಬಂದಾಗ 158 ಮಂದಿ ಸತ್ತರು, ಅವರಲ್ಲಿ 101 ಮಕ್ಕಳು. ಡೆನ್-2 ಮತ್ತೆ 1997ರಲ್ಲಿ ಸ್ಯಾಂಟಿಯಾಗೊ ನಗರದಲ್ಲಿ ಕಾಣಿಸಿಕೊಂಡಾಗ ತೀವ್ರ ಸ್ಥಿತಿಗೆ ಹೋದವರು ಬಹುಪಾಲು ವಯಸ್ಕರು, ಅಂದರೆ ಇಪ್ಪತ್ತು ವರ್ಷಗಳ ಹಿಂದಿನ ಡೆನ್-1 ಸೋಂಕನ್ನು ಕಂಡಿದ್ದವರು. ಊರಿನಲ್ಲಿ ಹಿಂದೆ ಯಾವ ಬಗೆ ಹರಡಿತ್ತು, ಈಗ ಯಾವುದು ಬರುತ್ತಿದೆ ಎಂಬ ದಾಖಲೆಯಿದ್ದರೆ ಮಾತ್ರ ಅಪಾಯ ಯಾರಿಗೆಂದು ಮುಂಚಿತವಾಗಿ ಊಹಿಸಬಹುದು. ಸಿಂಗಪುರದಲ್ಲಿ 2020ರ ಆರಂಭದಲ್ಲಿ ಡೆನ್-3ರ ಪಾಲು ಏರುತ್ತಿರುವುದು ಪ್ರಯೋಗಾಲಯದ ನಿಗಾದಲ್ಲಿ ಕಂಡಿತು. ಆ ವರ್ಷ ಅಲ್ಲಿ ಪ್ರಕರಣಗಳು 35 ಸಾವಿರ ದಾಟಿದವು.

ರಕ್ತದಲ್ಲಿ ವೈರಸ್‌ನ ಪ್ರೋಟೀನ್ ಹುಡುಕುವ ಎನ್‌ಎಸ್1 ಮತ್ತು ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆಗಳು ಡೆಂಗ್ಯೂ ಇದೆಯೇ ಎಂಬುದನ್ನಷ್ಟೇ ಹೇಳುತ್ತವೆ. ಬಗೆ ತಿಳಿಯಲು ವೈರಸ್‌ನ ಆನುವಂಶಿಕ ವಸ್ತುವನ್ನೇ ಗುರುತಿಸುವ ಆರ್‌ಟಿ-ಪಿಸಿಆರ್ ಪರೀಕ್ಷೆ ಬೇಕು, ಅದೂ ರಕ್ತದಲ್ಲಿ ವೈರಸ್ ಇರುವ ಮೊದಲ ಐದು ದಿನಗಳ ಮಾದರಿಯಲ್ಲಿ. ನಮ್ಮ ಜನ ಆಸ್ಪತ್ರೆಗೆ ಬರುವುದು ಅನೇಕ ಸಲ ಅದಾದ ಮೇಲೆ; ತಂಪಿನಲ್ಲಿ ಇಡದೆ ಕೆಟ್ಟುಹೋದ ಮಾದರಿಯೂ ನಿರುಪಯುಕ್ತ. ಹೀಗಾಗಿ ಎಲ್ಲರ ರಕ್ತವನ್ನೂ ಈ ಪರೀಕ್ಷೆಗೆ ಒಳಪಡಿಸುವುದಿಲ್ಲ. ಆಯ್ದ ಮಾದರಿಗಳು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಉನ್ನತ ಪ್ರಯೋಗಾಲಯಗಳಲ್ಲಿ ಪರೀಕ್ಷೆಯಾಗುತ್ತವೆ. ರೋಗ ಉಲ್ಬಣಿಸಿದಾಗ ಮಾತ್ರವಲ್ಲ, ಬೇಸಿಗೆಯ ಬಿಡಿ ಪ್ರಕರಣಗಳಿಂದಲೂ, ಸಣ್ಣ ಜಿಲ್ಲೆಗಳಿಂದಲೂ ಮಾದರಿ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಹೊಸ ಬಗೆಯ ಸುಳಿವು ಸಿಗುವುದು ಅಂಥ ಕೆಲವೇ ಮಾದರಿಗಳಲ್ಲಿ.

ನೀವು ಹಣ ತೆತ್ತು ಬಗೆ ಪತ್ತೆ ಮಾಡಿಸುವ ಅಗತ್ಯವಿಲ್ಲ. ನಾಲ್ಕಕ್ಕೂ ಚಿಕಿತ್ಸೆ ಒಂದೇ: ಸಾಕಷ್ಟು ದ್ರವಾಹಾರ, ಪ್ಯಾರಾಸಿಟಮಾಲ್, ವೈದ್ಯರ ನಿಗಾ. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರ ಕೂಡದು. ಆದರೆ ಹಿಂದಿನ ಸೋಂಕಿನ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಜ್ವರ ಇಳಿಯುವ ಹೊತ್ತಿನಲ್ಲಿ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನ ರಕ್ತಸ್ರಾವ ಅಥವಾ ಅತಿಯಾದ ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.